1941ರ ವಿಲ್ಲಿಸ್ ಗ್ಯಾಸರ್, 1/25: ಮೂತಿ ಎಷ್ಟು ಎತ್ತಬೇಕು? ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕ್ಯಾಂಡಿ ಬಣ್ಣ ಹೊಡೆಯೋದು ಹೇಗೆ?

ನಾಪೋಕ್ಲು ಗ್ಯಾಸರ್

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ 1/25 ಅಳತೆಯ 1941ರ ವಿಲ್ಲಿಸ್ ಕೂಪೆ ಕಾರಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ ಇದೆ. 60ರ ದಶಕದ ಮಧ್ಯದ ಗ್ಯಾಸರ್, ಅಂದ್ರೆ ಮೂತಿ ಎತ್ತಿದ ಅಮೆರಿಕದ ಡ್ರ್ಯಾಗ್ ರೇಸ್ ಗಾಡಿ, ಮಾಡ್ಬೇಕು. ಮುಂದೆ ನೇರ ಆಕ್ಸಲ್, 392 ಹೆಮಿ (ಕ್ರೈಸ್ಲರ್‌ನ ವಿ8 ಎಂಜಿನ್), ಅದರ ಮೇಲೆ ಗಾಳಿ ಒತ್ತಿ ತುಂಬೋ 6-71 ಬ್ಲೋವರ್, ಬಾಡಿಗೆ ಕ್ಯಾಂಡಿ (ಪಾರದರ್ಶಕ) ಕೆಂಪು. ಕಿಟ್‌ನಲ್ಲಿ ಬಂದ ಮುಂದಿನ ಸಸ್ಪೆನ್ಶನ್ ಬಿಟ್ಟು ಆಕ್ಸಲ್ ಕೈಯಲ್ಲೇ ಮಾಡೋ ಯೋಚನೆ.

ಮೂರು ಪ್ರಶ್ನೆ. ಮೂತಿ ಎಷ್ಟು ಎತ್ತಬೇಕು? ನೆಟ್‌ನಲ್ಲಿ ಒಂದೊಂದು ಮಾಡೆಲ್ ಒಂದೊಂದು ಥರ ನಿಂತಿರುತ್ತೆ. ಪ್ಲಗ್ ವೈರಿಗೆ ಯಾವ ತಂತಿ, ನಮ್ಮ ಕಡೆ ಎಲ್ಲಿ ಸಿಗುತ್ತೆ? ಮೂರನೇದು ದೊಡ್ಡ ತಲೆನೋವು: ಪರೀಕ್ಷೆಗೆ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದ ಲ್ಯಾಕರ್ ಒಣಗ್ತಾ ಒಣಗ್ತಾ ಬೆಳ್ಳಗಾಗ್ತಿದೆ. ಮಳೆ ನಿಲ್ಲೋವರೆಗೆ ಕಾಯಲೇಬೇಕಾ?

ಸಿದ್ದಾಪುರ 1320

ಮೂರನೇದಕ್ಕೆ ಒಂದೇ ಉತ್ತರ. ಪುತ್ತರಿ ಹಬ್ಬದವರೆಗೆ (ನವೆಂಬರ್-ಡಿಸೆಂಬರ್) ಬಣ್ಣದ ಡಬ್ಬಿ ಮುಟ್ಬೇಡಿ, ಅಲ್ಲಿವರೆಗೆ ಎಂಜಿನ್, ಚಾಸಿ ಮುಗಿಸಿ.

ವಿರಾಜಪೇಟೆ ವಿಲ್ಲಿಸ್

ಮೂತಿ ಎತ್ತೋ ಮೊದಲು ಅದನ್ನ ಯಾಕೆ ಎತ್ತುತ್ತಿದ್ದರು ಅಂತ ನೋಡಿ, ಅಳತೆ ಅಲ್ಲೇ ಸಿಗುತ್ತೆ. ಆ ಕಾಲದ ಸ್ಲಿಕ್ (ಗೀರಿಲ್ಲದ ನುಣುಪು) ಟೈರಿಗೆ ಹಿಡಿತ ಕಡಿಮೆ. ಭಾರದ ಕೇಂದ್ರ ಎತ್ತರದಲ್ಲಿದ್ದಷ್ಟೂ ಗಾಡಿ ಹೊರಡೋ ಕ್ಷಣದಲ್ಲಿ ಹಿಂದಿನ ಚಕ್ರದ ಮೇಲೆ ಬೀಳೋ ಭಾರ ಹೆಚ್ಚು. ಅದಕ್ಕೇ ಎಂಜಿನ್ ಮೇಲೆ ಹೋಯ್ತು, ಅದರ ಜೊತೆ ಮೂತಿಯೂ. ಆದರೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಇದಕ್ಕೆ ಮಿತಿ ಹಾಕಿತ್ತು. ಗ್ಯಾಸರ್ ಓಡ್ತಿದ್ದ ಗ್ಯಾಸ್ ವರ್ಗದಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಮಧ್ಯಬಿಂದು ನೆಲದಿಂದ 24 ಇಂಚಿಗಿಂತ ಮೇಲಿರಬಾರದು. ಎಂಜಿನ್ ಹಿಂದಕ್ಕೆ ಸರಿಸೋದಕ್ಕೂ ವೀಲ್‌ಬೇಸ್‌ನ (ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ) 10% ಮಿತಿ, ಅದನ್ನ ಅಳೆಯೋದು ಮುಂದಿನ ಆಕ್ಸಲ್ ಮಧ್ಯದಿಂದ ಮೊದಲ ಸ್ಪಾರ್ಕ್ ಪ್ಲಗ್ಗಿನ ತೂತಿಗೆ.

1/25ರಲ್ಲಿ ಲೆಕ್ಕ ಸುಲಭ, 1 ಇಂಚು ಅಂದ್ರೆ 1.016 ಮಿ.ಮೀ. ಕಣ್ಣಂದಾಜಿಗೆ ಇಂಚಿಗೆ ಒಂದು ಮಿ.ಮೀ. 1941ರ ವಿಲ್ಲಿಸ್ ವೀಲ್‌ಬೇಸ್ 104 ಇಂಚು, ಅಂದ್ರೆ ನಿಮ್ಮ ಮಾಡೆಲ್‌ನಲ್ಲಿ 105.7 ಮಿ.ಮೀ. ಇರಬೇಕು. ಎಂಜಿನ್ ಹಿಂದಕ್ಕೆ ಹೋಗಬಹುದಾದದ್ದು ಹೆಚ್ಚೆಂದರೆ 10.5 ಮಿ.ಮೀ. ಕ್ರ್ಯಾಂಕ್ ಪುಲ್ಲಿಯ ಮಧ್ಯ ನೆಲದಿಂದ 24.4 ಮಿ.ಮೀ. ಒಳಗೆ.

ಅದರಿಂದ ಮೊದಲು ಹಿಂದಿನ ಸ್ಲಿಕ್ ಹಾಕಿ ಚಾಸಿಯನ್ನ ಗಾಜಿನ ಹಾಳೆ ಮೇಲೆ ಕೂರಿಸಿ. ಎಂಜಿನ್ ಅಂಟಿಸಬೇಡಿ, ಮೇಣದಲ್ಲೋ ಬ್ಲೂ ಟ್ಯಾಕ್‌ನಲ್ಲೋ ನಿಲ್ಲಿಸಿ. ಚಾಸಿಯ ಮುಂಭಾಗದ ಕೆಳಗೆ 0.5 ಮಿ.ಮೀ. ಪ್ಲಾಸ್ಟಿಕ್ ತುಂಡು ಒಂದರ ಮೇಲೊಂದು ಇಡ್ತಾ ಹೋಗಿ, ಪ್ರತಿ ಸಲ ಪುಲ್ಲಿ ಎತ್ತರ ಅಳೆಯಿರಿ. ಬಾಗಿಲ ಕೆಳಗಿನ ಅಂಚು ಮುಂದಿನ ಆಕ್ಸಲ್ ಹತ್ತಿರ ಹಿಂದಿಗಿಂತ 4 ಮಿ.ಮೀ. ಎತ್ತರದಲ್ಲಿದ್ರೆ ಇಳಿಜಾರು ಸುಮಾರು 2 ಡಿಗ್ರಿ, 6 ಮಿ.ಮೀ. ಇದ್ರೆ 3 ಡಿಗ್ರಿ ದಾಟುತ್ತೆ. 60ರ ಮಧ್ಯದ ಗಾಡಿಗೆ 3ರಿಂದ 5 ಮಿ.ಮೀ. ಒಳಗೆ ನಿಲ್ಲಿಸಿ.

ಸುಂಟಿಕೊಪ್ಪ ಸ್ಲಿಕ್ಸ್

ಅಲ್ಲ ಮಾರಾಯ್ರೇ, ಅದು ರೇಸಿಗೆ ಹೋಗೋ ಗಾಡಿಯಲ್ಲವಲ್ಲ, ಶೆಲ್ಫ್ ಮೇಲಿರೋ ಮಾಡೆಲ್. ಮೂತಿ 8-10 ಮಿ.ಮೀ. ಎತ್ತಿದ್ರೇ ಗ್ಯಾಸರ್ ಅಂತ ದೂರದಿಂದ ಗೊತ್ತಾಗೋದು. ಈಗಿನ ಶೋ ಗಾಡಿಗಳೂ ಹಾಗೇ ಇರ್ತಾವೆ.

ವಿರಾಜಪೇಟೆ ವಿಲ್ಲಿಸ್

ಶೋ ಗಾಡಿ ಮಾಡ್ತೀನಿ ಅಂದ್ರೆ 10 ಎತ್ತಲಿ, ತಕರಾರಿಲ್ಲ. ಅವರು ಕೇಳಿರೋದು 60ರ ದಶಕದ ಗ್ಯಾಸರ್. ಆ ಕಾಲದ ಗಾಡಿಯಲ್ಲಿ ಅಷ್ಟು ಎತ್ತಿದ್ರೆ ತಪಾಸಣೆಯಲ್ಲೇ ಹೊರಗೆ. ಟೈರ್ ಸುಧಾರಿಸಿದ ಹಾಗೆ ದಶಕದ ಕೊನೆಗೆ ಗಾಡಿಗಳು ಕೆಳಗಿಳಿದವು ಕೂಡ. ಎತ್ತರ ನೋಡಿದ್ರೆ ಇಸವಿ ಹೇಳಬಹುದು, ಅದಕ್ಕೇ ಇಷ್ಟು ಹಟ ಮಾಡ್ತಿರೋದು.

ಸಿದ್ದಾಪುರ 1320

ಭಾರ ಹಿಂದಕ್ಕೆ ತರೋಕೆ ಮೂತಿ ಎತ್ತೋದೊಂದೇ ದಾರಿ ಅಲ್ಲ. 1965ರ ಆಲ್ಟರ್ಡ್ ವೀಲ್‌ಬೇಸ್ ಡಾಡ್ಜ್, ಪ್ಲಿಮತ್ ನೋಡಿ: ಹಿಂದಿನ ಆಕ್ಸಲ್ 15 ಇಂಚು, ಮುಂದಿನದು 10 ಇಂಚು ಮುಂದಕ್ಕೆ. ಫನ್ನಿ ಕಾರ್ ಅನ್ನೋ ಹೆಸರು ಹುಟ್ಟಿದ್ದೇ ಆ ಗಾಡಿಗಳಿಂದ. ಮೂತಿ ಎತ್ತೋದು ಇಷ್ಟ ಇಲ್ಲದವರು ಅದನ್ನ ಮಾಡಿ, ಚಾಸಿಯಲ್ಲಿ ಅಷ್ಟೇ ಮಿ.ಮೀ. ಸರಿಸಿದ್ರಾಯ್ತು.

ಪೊನ್ನಂಪೇಟೆ ಪ್ಲಾಸ್ಟಿಕ್

ಆಕ್ಸಲ್ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ನಾನು ಹೇಳ್ತೀನಿ.

ಆಕ್ಸಲ್‌ಗೆ 2.5 ಮಿ.ಮೀ. ಹಿತ್ತಾಳೆ ಕೊಳವೆ ತಗೊಳ್ಳಿ. ಪ್ಲಾಸ್ಟಿಕ್ ಕಡ್ಡಿ ಬೇಡ, ವರ್ಷ ಕಳೆದ ಮೇಲೆ ಭಾರಕ್ಕೆ ಬಾಗಿ ಮುಂದಿನ ಚಕ್ರ ಮೇಲ್ಗಡೆ ಒಳಕ್ಕೆ ವಾಲುತ್ತೆ. ಕೊಳವೆಯೊಳಗೆ ತೂರೋ ಉಕ್ಕಿನ ತಂತಿ ಎರಡೂ ಕಡೆ ಹೊರಗೆ ಬರಲಿ, ಅದೇ ಚಕ್ರ ಹಿಡಿಯುತ್ತೆ.

ಕಮಾನ್ ಪಟ್ಟಿಗೆ 0.25 ಮಿ.ಮೀ. ದಪ್ಪದ ಸ್ಟೈರೀನ್ (ಕಿಟ್ ಪ್ಲಾಸ್ಟಿಕ್) ಹಾಳೆಯಿಂದ 2 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. ಒಂದು ಕಡೆಗೆ ನಾಲ್ಕು ಪಟ್ಟಿ ಸಾಕು, ಒಂದಕ್ಕಿಂತ ಒಂದು 4 ಮಿ.ಮೀ. ಗಿಡ್ಡ. ನೇರವಾಗಿ ಅಂಟಿಸಿ ಆಮೇಲೆ ಬಗ್ಗಿಸಿದ್ರೆ ಬಿರುಕು ಬಿಡುತ್ತೆ. ಮೊದಲು ಒಂದೊಂದನ್ನೂ ಪೆನ್ನಿನ ಮೇಲೆ ಉಜ್ಜಿ ಬಾಗಿಸಿ, ಆಮೇಲೆ ಬಾಗಿದ ಮರದ ಅಚ್ಚಿನ ಮೇಲಿಟ್ಟು ತೆಳು ಸಿಮೆಂಟಿನಲ್ಲಿ (ಪ್ಲಾಸ್ಟಿಕ್ ಕರಗಿಸಿ ಅಂಟಿಸೋ ಅಂಟು) ಸೇರಿಸಿ, ರಾತ್ರಿಯಿಡೀ ಕ್ಲಿಪ್ ಹಾಕಿಡಿ. ಮಳೆಗಾಲದಲ್ಲಿ ಎರಡು ರಾತ್ರಿ.

ಕಮಾನು ಆಕ್ಸಲ್‌ನ ಮೇಲೆ ಕೂರ್ಬೇಕಾ ಕೆಳಗೆ ಕೂರ್ಬೇಕಾ ಅನ್ನೋದ್ರಿಂದಲೇ ಎತ್ತರ ನಿರ್ಧಾರ. ಆಕ್ಸಲ್ ಮೇಲೆ ಕೂತ್ರೆ ಗಾಡಿ ಮೇಲೇಳುತ್ತೆ, ಗ್ಯಾಸರ್‌ನಲ್ಲಿ ಹಾಗೇ. ಇನ್ನೂ 1 ಮಿ.ಮೀ. ಬೇಕಾದ್ರೆ ಮಧ್ಯೆ ತುಂಡು ಕೊಡಿ. ಕಮಾನಿನ ತುದಿಯನ್ನ ಚಾಸಿಗೆ ತೂಗಿಸೋ ಶ್ಯಾಕಲ್ ಒಂದು ತುದಿಗೆ ಮಾತ್ರ, ಇನ್ನೊಂದು ತುದಿ ಚಾಸಿಗೆ ನೇರ. ಎರಡೂ ಕಡೆ ಶ್ಯಾಕಲ್ ಇಟ್ರೆ ಆಕ್ಸಲ್ ಹಿಂದೆ ಮುಂದೆ ಓಡಾಡುತ್ತೆ, ತಿಳಿದವರು ನೋಡಿದ ಕೂಡಲೇ ಕೇಳ್ತಾರೆ.

ಗೋಣಿಕೊಪ್ಪ ಆಟೋಕ್ರಾಸ್

ಶ್ಯಾಕಲ್, ಯು ಬೋಲ್ಟ್ ಹೇಗೆ ಕೂರುತ್ತೆ ಅಂತ ಗೊತ್ತಾಗ್ಬೇಕಾದ್ರೆ ಪುಸ್ತಕ ಬೇಡ. ತೋಟದ ಹಳೇ ಜೀಪಿನ ಅಡಿಗೆ ಟಾರ್ಚ್ ಹಿಡಿದು ಮಲಗಿ.

ವಿರಾಜಪೇಟೆ ವಿಲ್ಲಿಸ್

ಇದು ಸುಮ್ನೆ ಹೇಳೋ ಮಾತಲ್ಲ. ಆ ಜೀಪೂ ನಿಮ್ಮ ಕೂಪೆಯೂ ಒಂದೇ ಮನೆಯವು, ಓಹಿಯೋದ ಟೊಲೀಡೊದ ವಿಲ್ಲಿಸ್-ಓವರ್‌ಲ್ಯಾಂಡ್. 1941ರ ಅಮೆರಿಕಾರ್ ಕೂಪೆಯಲ್ಲಿದ್ದ 134 ಘನ ಇಂಚಿನ ನಾಲ್ಕು ಸಿಲಿಂಡರ್ ಎಂಜಿನ್ನೇ ಯುದ್ಧಕಾಲದ ಜೀಪಿಗೂ ಹೋಯ್ತು. ಮಹೀಂದ್ರದವರು 1947ರಿಂದ ವಿಲ್ಲಿಸ್ ಜೀಪ್ ಜೋಡಿಸಿದ್ರು. ನಮ್ಮ ಕಾಫಿ ತೋಟಗಳಿಗೆ ಬಂದ ಹಳೇ ಜೀಪುಗಳು ಅದೇ ವಂಶ. ಗ್ಯಾಸರ್ ಮಂದಿ ಕೂಪೆಯ ಆ ಪುಟ್ಟ ಎಂಜಿನ್ ಕಿತ್ತು 392 ಹೆಮಿ ಕೂರಿಸಿದ್ರು. ಬಾಡಿ ಹಗುರ, ವೀಲ್‌ಬೇಸ್ ಚಿಕ್ಕದು, ಅದಕ್ಕೇ ವಿಲ್ಲಿಸ್ ಮೇಲೆ ಅಷ್ಟು ಕಣ್ಣು.

ಒಂದು ವ್ಯತ್ಯಾಸ ನೆನಪಿರಲಿ. ಜೀಪಿನ ಮುಂದಿನ ಆಕ್ಸಲ್‌ನಲ್ಲಿ ಡಿಫರೆನ್ಶಿಯಲ್ ಗುಂಡು ಇರುತ್ತೆ, ಗ್ಯಾಸರ್‌ನಲ್ಲಿ ಇಲ್ಲ. ಕಮಾನು, ಶ್ಯಾಕಲ್, ಯು ಬೋಲ್ಟ್ ಮಾತ್ರ ನೋಡಿ ಬನ್ನಿ.

ಕುಶಾಲನಗರ ಕಾಯಿಲ್

ವೈರಿನ ವಿಷಯ. ನಿಜ ಪ್ಲಗ್ ವೈರ್ 7ರಿಂದ 8 ಮಿ.ಮೀ. ದಪ್ಪ. 25ರಿಂದ ಭಾಗಿಸಿ: 0.28ರಿಂದ 0.32. ಆನ್‌ಲೈನ್‌ನಲ್ಲಿ ಹೆಚ್ಚಿನವರು ತರಿಸೋ 30 ಗೇಜ್ ವೈರ್‌ರ್ಯಾಪ್ ತಂತಿ ಪ್ಲಾಸ್ಟಿಕ್ ಹೊದಿಕೆ ಸೇರಿ 0.5 ಮಿ.ಮೀ. ಬರುತ್ತೆ. ಅಂದ್ರೆ ನಿಜ ಗಾಡಿಯಲ್ಲಿ 12-13 ಮಿ.ಮೀ. ವೈರ್ ಹಾಕಿದ ಹಾಗೆ. ಎಂಟು ವೈರ್ ಒಟ್ಟಿಗೆ ಬಂದಾಗ ಎಂಜಿನ್ನೇ ಮುಚ್ಚಿಹೋಗುತ್ತೆ.

ಮೋಟರ್ ವೈಂಡಿಂಗ್ ಅಂಗಡಿಗೆ ಹೋಗಿ ಎಸ್‌ಡಬ್ಲ್ಯುಜಿ (ತಂತಿ ದಪ್ಪದ ಗೇಜ್) 30 ಎನಾಮಲ್ ತಂತಿ ಕೇಳಿ, 0.315 ಮಿ.ಮೀ. ಹೆಚ್ಚುಕಮ್ಮಿ ಸರಿಯಾದ ಅಳತೆ. ಬ್ರೇಕ್ ಪೈಪಿಗೆ 36 ನಂಬರ್, 0.19 ಮಿ.ಮೀ. ನಿಜ ಬ್ರೇಕ್ ಪೈಪ್ 3/16 ಇಂಚು, ಇದಕ್ಕೆ ತಾಳೆ ಆಗುತ್ತೆ. ಅರ್ಧ ಇಂಚಿನ ಪೆಟ್ರೋಲ್ ಪೈಪಿಗೆ 25 ನಂಬರ್. ಐದೈದು ಮೀಟರ್ ತಗೊಂಡ್ರೆ ಹತ್ತಾರು ಮಾಡೆಲ್‌ಗೆ ಸಾಕು. ಬಗ್ಗಿಸೋ ಮೊದಲು ಒಂದು ತುದಿ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೀರಿ, ಸುರುಳಿಯ ಗುರುತು ಹೋಗುತ್ತೆ. ಆಮೇಲೆ ಮ್ಯಾಟ್ ಕಪ್ಪು ಹೊಡೆಯಿರಿ.

ತೂತು ಕೊರೆಯೋಕೆ 0.35 ಮಿ.ಮೀ. ಬಿಟ್. ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಸಣ್ಣ ಬಿಟ್, ಕೈ ಡ್ರಿಲ್ ಹಿಡಿ, 6/0 ಗರಗಸದ ಎಲೆ ಎಲ್ಲಾ ಸಿಗುತ್ತೆ. ಆ ಎಲೆಯ ದಪ್ಪ ಸುಮಾರು 0.2 ಮಿ.ಮೀ., ಬಾಡಿ ಕೊಯ್ಯೋಕೆ ಅದಕ್ಕಿಂತ ಒಳ್ಳೇದು ಬೇರೆ ಬೇಡ.

ನಾಪೋಕ್ಲು ಗ್ಯಾಸರ್

ವೈಂಡಿಂಗ್ ತಂತಿ ತಲೆಗೇ ಹೊಳೆದಿರಲಿಲ್ಲ, ಧನ್ಯವಾದ ಅಣ್ಣ. ಹೆಮಿಯ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬೀಳೋ ಕ್ರಮ) 1-8-4-3-6-5-7-2 ತಾನೇ? ಡಿಸ್ಟ್ರಿಬ್ಯೂಟರಿನಿಂದ ಕಾಯಿಲಿಗೆ ಒಂಬತ್ತನೇ ವೈರ್ ಕೊಟ್ಟು ಕಾಯಿಲ್ ಫೈರ್‌ವಾಲ್ (ಎಂಜಿನ್ ಹಿಂದಿನ ಅಡ್ಡಗೋಡೆ) ಮೇಲೆ ಇಡೋದು ಅಂದ್ಕೊಂಡಿದ್ದೇನೆ.

ಸೋಮವಾರಪೇಟೆ ಹೆಮಿ

ಆರ್ಡರ್ ಸರಿ. ಬೆಸ ಸಂಖ್ಯೆ ಎಡಗಡೆ, ಅಂದ್ರೆ ಅಮೆರಿಕದ ಗಾಡಿಯ ಡ್ರೈವರ್ ಕಡೆ. ಸಮ ಸಂಖ್ಯೆ ಬಲಗಡೆ.

ಆದರೆ ಕಾಯಿಲ್ ಬೇಡ. ಬ್ಲೋವರ್ ಹಾಕಿದ ರೇಸ್ ಹೆಮಿಯಲ್ಲಿ ಇರೋದು ಸಾಮಾನ್ಯವಾಗಿ ಮ್ಯಾಗ್ನೆಟೊ, ಅದು ತನ್ನ ವಿದ್ಯುತ್ತನ್ನ ತಾನೇ ಮಾಡ್ಕೊಳ್ಳುತ್ತೆ. ಹೊರಗಿನ ಕಾಯಿಲಿಗೆ ಹೋಗೋ ದಪ್ಪ ವೈರ್ ಇರಲ್ಲ. ಎಂಟೇ ವೈರ್. ಮ್ಯಾಗ್ನೆಟೊ ಇಟ್ಟು ಫೈರ್‌ವಾಲ್ ಮೇಲೆ ಕಾಯಿಲನ್ನೂ ಅಂಟಿಸೋದು ಮಾಡೆಲ್‌ಗಳಲ್ಲಿ ತುಂಬಾ ಕಾಣೋ ತಪ್ಪು.

ಇನ್ನೊಂದು. 392 ಹೆಮಿ 1957-58ರದು, ಅದರ ಡಿಸ್ಟ್ರಿಬ್ಯೂಟರ್ ಜಾಗ ಎಂಜಿನ್ನಿನ ಹಿಂದೆ. 1964ರಲ್ಲಿ ಬಂದ 426ರಲ್ಲಿ ಮುಂದೆ. ಬೇರೆ ಕಿಟ್‌ನಿಂದ ಎಂಜಿನ್ ತರೋದಾದ್ರೆ ಇದನ್ನ ನೋಡಿ ತನ್ನಿ. ಹೆಮಿಯಲ್ಲಿ ಪ್ಲಗ್ ವಾಲ್ವ್ ಕವರಿನ ನಟ್ಟನಡುವೆ ಇಳಿಯುತ್ತೆ, ಷೆವಿಯ (ಷೆವ್ರೊಲೆಯ) ಹಾಗೆ ಪಕ್ಕಕ್ಕಲ್ಲ. ಕವರಿನ ಮಧ್ಯರೇಖೆಯಲ್ಲಿ ನಾಲ್ಕು ತೂತು, ಪ್ರತಿ ತೂತಿಗೂ 1 ಮಿ.ಮೀ. ಉದ್ದದ ಬೂಟ್ (ವೈರ್ ತುದಿಯ ರಬ್ಬರ್ ಟೋಪಿ). ಬೂಟಿಗೆ ಬೇರೆ ತಂತಿಯಿಂದ ಸುಲಿದ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿ ಆಗುತ್ತೆ.

ಬ್ಲೋವರ್ ಬೆಲ್ಟಿನ ಹಲ್ಲು ಒಳಗಡೆಗೆ ಇರಲಿ. ಅಗಲ 3 ಮಿ.ಮೀ. ಮೇಲೆ ಹೋಗಬಾರದು. 6-71 ಅಂದ್ರೆ ಮೂಲದಲ್ಲಿ ಜಿಎಂಸಿ ಡೀಸೆಲ್ ಎಂಜಿನ್ನಿನದು: ಆರು ಸಿಲಿಂಡರ್, ಒಂದೊಂದಕ್ಕೆ 71 ಘನ ಇಂಚು.

ಸುಂಟಿಕೊಪ್ಪ ಸ್ಲಿಕ್ಸ್

ಮ್ಯಾಗ್ನೆಟೊ ವಿಷಯ ಹೊಸದು. ಒಪ್ಪಿದೆ.

ಮಡಿಕೇರಿ ಮಳೆಗಾಲ

ಈಗ ಬಣ್ಣ. ಪುತ್ತರಿವರೆಗೆ ಕಾಯಿ ಅನ್ನೋದನ್ನ ನಾನು ಒಪ್ಪಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಕಟ್ಟಿ ಕೂತ್ರೆ ವರ್ಷದ ಮೂರನೇ ಒಂದು ಭಾಗ ಹೋಯ್ತು.

ಬೆಳ್ಳಗಾಗೋದಕ್ಕೆ ಬ್ಲಶಿಂಗ್ ಅಂತಾರೆ. ಥಿನ್ನರ್ ಬೇಗ ಆವಿಯಾಗ್ತಾ ಮೇಲ್ಮೈಯನ್ನ ತಣ್ಣಗೆ ಮಾಡುತ್ತೆ. ಸುತ್ತಲಿನ ಗಾಳಿಯಲ್ಲಿ ತೇವ ತುಂಬಿದ್ರೆ ಆ ತಣ್ಣನೆ ಮೇಲ್ಮೈ ಮೇಲೆ ನೀರು ಕೂತು ಒಣಗೋ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತೆ. ಅಗ್ಗದ ಎನ್‌ಸಿ (ನೈಟ್ರೊಸೆಲ್ಯುಲೋಸ್ ಲ್ಯಾಕರಿನ) ಥಿನ್ನರ್ ತುಂಬಾ ಬೇಗ ಹಾರೋದು, ಅದಕ್ಕೇ ಅದರಲ್ಲಿ ಹೆಚ್ಚು. ಸ್ಟೈರೀನನ್ನೂ ತಿನ್ನುತ್ತೆ, ಪ್ರೈಮರ್ ಇಲ್ಲದ ಜಾಗದಲ್ಲಿ ಸಣ್ಣ ಬಿರುಕಿನ ಬಲೆ ಮೂಡುತ್ತೆ.

ಪರಿಹಾರ ಆವಿಯಾಗೋದನ್ನ ನಿಧಾನ ಮಾಡೋದು. ರಿಟಾರ್ಡರ್ ಸೇರಿದ ಥಿನ್ನರ್ ಬಳಸಿ. ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್‌ನಲ್ಲಿ ಅದು ಇದೆ. ಇಲ್ಲೇ ತಗೊಳ್ಳೋದಾದ್ರೆ ಮರದ ಪಾಲಿಶ್‌ನವರು ಹೋಗೋ ಅಂಗಡಿಯಲ್ಲಿ ರಿಟಾರ್ಡರ್ ಕೇಳಿ, ಥಿನ್ನರ್‌ನ 10ರಿಂದ 15% ಸೇರಿಸಿ. ಹೆಚ್ಚಾದ್ರೆ ಬಣ್ಣ ದಿನಗಟ್ಟಲೆ ಮೆತ್ತಗಿದ್ದು ಬೆರಳಚ್ಚು ಹಿಡಿಯುತ್ತೆ.

ಈಗಾಗಲೇ ಬೆಳ್ಳಗಾದ ಚಮಚ ಎಸೀಬೇಡಿ. ಒಂದು ದಿನ ಬೆಚ್ಚಗೆ ಒಣಗಿಸಿ, ಅದರ ಮೇಲೆ ಬರೀ ಲೆವೆಲಿಂಗ್ ಥಿನ್ನರನ್ನ ತೀರ ತೆಳುವಾಗಿ, ದೂರದಿಂದ, ಮಂಜಿನಂತೆ ಹಾಯಿಸಿ. ಮೇಲ್ಪದರ ಮತ್ತೆ ತೆರೆದು ತೇವ ಹೊರಗೆ ಹೋಗಿ ಬಣ್ಣ ತಿಳಿಯಾಗುತ್ತೆ.

ಒಣಗಿಸೋ ಪೆಟ್ಟಿಗೆ: ಮುಚ್ಚಳ ಇರೋ ಮರದ ಪೆಟ್ಟಿಗೆ, ಒಳಗೆ ಹಳೇ ಥರದ 40 ವ್ಯಾಟ್ ಬಲ್ಬ್, ಕೆಳಗೆ ಮೇಲೆ ಎರಡೆರಡು ತೂತು, ಒಂದು ಡಿಜಿಟಲ್ ಥರ್ಮಾಮೀಟರ್. 40 ಡಿಗ್ರಿ ಸಾಕು, 50 ದಾಟಿದ್ರೆ ತೆಳು ಕಂಬಗಳು ಸೊಟ್ಟಗಾಗೋ ಅಪಾಯ. ಹೊಡೆದ ಕೂಡಲೇ ಒಳಗಿಡಬೇಡಿ. 15 ನಿಮಿಷ ಹೊರಗಿದ್ದು ದ್ರಾವಕ ಹೋಗಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಲ್ಯಾಕರ್ ಆವಿ ಬಲ್ಬಿನ ಹತ್ತಿರ ತುಂಬೋದು ಅಪಾಯ. ಒಲೆ ಉರಿಯೋ ಕೋಣೆ ಬೆಚ್ಚಗಿದೆ ಅಂತ ಅಲ್ಲಿ ಯಾವತ್ತೂ ಹೊಡೀಬೇಡಿ.

ಸಿದ್ದಾಪುರ 1320

ಅಷ್ಟೆಲ್ಲಾ ಮಾಡಿದ್ರೂ ಕಂಪ್ರೆಸರ್‌ನಿಂದ ನೀರಿನ ಹನಿ ಬಂದ್ರೆ ಕ್ಯಾಂಡಿ ಹಾಳು. ಕಾಯೋದೇ ವಾಸಿ ಅಂತ ನನ್ನ ಅಭಿಪ್ರಾಯ ಈಗಲೂ.

ಮಡಿಕೇರಿ ಮಳೆಗಾಲ

ನೀರಿಗೆ ದಾರಿ ಇದೆ. ಟ್ಯಾಂಕ್ ಇರೋ ಕಂಪ್ರೆಸರ್ ಆದ್ರೆ ಗಾಳಿ ಟ್ಯಾಂಕಿನಲ್ಲೇ ತಣ್ಣಗಾಗಿ ಅರ್ಧ ನೀರು ಅಲ್ಲೇ ಬೀಳುತ್ತೆ, ಕೆಲಸ ಮುಗಿದ ಮೇಲೆ ಕೆಳಗಿನ ತಿರುಪು ಬಿಚ್ಚಿ ಬಸಿಯಿರಿ. ರೆಗ್ಯುಲೇಟರ್ ಹತ್ತಿರ ನೀರು ಹಿಡಿಯೋ ಒಂದು ಟ್ರ್ಯಾಪ್, ಏರ್‌ಬ್ರಶ್‌ನ ಬುಡದಲ್ಲಿ ಇನ್ನೊಂದು ಚಿಕ್ಕದು. 0.3 ನಾಝಲ್, 15ರಿಂದ 18 ಪಿಎಸ್‌ಐ. ಟ್ಯಾಂಕ್ ಇದ್ರೆ ಮಧ್ಯೆ ಕರೆಂಟ್ ಹೋದ್ರೂ ಆ ಕೋಟು ಮುಗಿಸಬಹುದು, ನಮ್ಮೂರಲ್ಲಿ ಇದೂ ಮುಖ್ಯ.

ಗೋಣಿಕೊಪ್ಪ ಆಟೋಕ್ರಾಸ್

ಯಾಕಿಷ್ಟು ಕಷ್ಟ? ಗಾಡಿ ಪೇಂಟಿಂಗ್ ಶೆಡ್‌ನವರ ಹತ್ತಿರ 2ಕೆ ಕ್ಲಿಯರ್ (ಎರಡು ಭಾಗ ಕಲಸಿ ಹೊಡೆಯೋ ಪಾರದರ್ಶಕ ಮೇಲ್ಪದರ) ಇರುತ್ತೆ. ಹಾರ್ಡನರ್ ಹಾಕಿದ್ರೆ ಮಳೆ ಬಿಸಿಲು ನೋಡಲ್ಲ, ರಾತ್ರಿಗೆ ಗಟ್ಟಿ.

ಮಡಿಕೇರಿ ಮಳೆಗಾಲ

ಮಳೆ ನೋಡಲ್ಲ ಅನ್ನೋದು ತಪ್ಪು ಅಣ್ಣ. 2ಕೆ ಹಾರ್ಡನರ್‌ನಲ್ಲಿರೋ ಐಸೊಸಯನೇಟ್ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ತೇವದ ಗಾಳಿಯಲ್ಲಿ ಕ್ಲಿಯರ್ ಒಳಗೆ ಸೂಜಿಮೊನೆ ಗುಳ್ಳೆ ಬರೋದು ಅದರಿಂದ. ತೆರೆದ ಹಾರ್ಡನರ್ ಡಬ್ಬಿಯೂ ಹಾಗೇ ಗಟ್ಟಿಯಾಗುತ್ತೆ.

ಅದಕ್ಕಿಂತ ದೊಡ್ಡದು ಉಸಿರಿನ ವಿಷಯ. ಐಸೊಸಯನೇಟ್‌ಗೆ ಎಚ್ಚರಿಸೋ ವಾಸನೆ ಇಲ್ಲ, ಒಮ್ಮೆ ಮೈಗೆ ಒಗ್ಗದೆ ಹೋದ್ರೆ ಜೀವನಪೂರ್ತಿ ಆಸ್ತಮಾ. ಹೊರಗಿನ ಶುದ್ಧ ಗಾಳಿ ಕೊಡೋ ಮಾಸ್ಕ್ ಇಲ್ಲದೆ ಮನೆಯೊಳಗೆ ಅದನ್ನ ಹೊಡೀಬಾರದು. ಮಕ್ಕಳಿರೋ ಮನೆಯಲ್ಲಂತೂ ಬೇಡವೇ ಬೇಡ. ಲ್ಯಾಕರ್ ಕ್ಲಿಯರ್ ನಾಲ್ಕು ಕೋಟು ಹೊಡೆದು ವಾರ ಬಿಟ್ಟು 2000ದ ವಾಟರ್ ಪೇಪರ್ ಉಜ್ಜಿ ಕಾಂಪೌಂಡ್ ಹಾಕಿದ್ರೆ ಅದೇ ಹೊಳಪು ಬರುತ್ತೆ.

ಗೋಣಿಕೊಪ್ಪ ಆಟೋಕ್ರಾಸ್

ಗುಳ್ಳೆಯ ಕಾರಣ ಈಗ ಗೊತ್ತಾಯ್ತು. ಸರಿ, 2ಕೆ ಶೆಡ್‌ನವರಿಗೇ ಇರಲಿ.

ಭಾಗಮಂಡಲ ಡ್ಯೂಸ್

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದು 1932ರ ಫೋರ್ಡ್ ಮೂರು ಕಿಟಕಿ ಕೂಪೆ, 1/25. ಛಾವಣಿ 3 ಇಂಚು ಚಾಪ್ ಮಾಡ್ಬೇಕು, ಅಂದ್ರೆ ಅಷ್ಟು ತಗ್ಗಿಸ್ಬೇಕು. ಕಂಬಗಳಿಂದ 3 ಮಿ.ಮೀ. ಕೊಯ್ದು ತೆಗೆದ್ರೆ ಆಯ್ತಲ್ವಾ?

ಪೊನ್ನಂಪೇಟೆ ಪ್ಲಾಸ್ಟಿಕ್

3 ಮಿ.ಮೀ. ಸರಿ, ಆಯ್ತು ಅನ್ನೋದು ಸರಿ ಇಲ್ಲ. ಕಂಬಗಳು ಮೇಲಕ್ಕೆ ಹೋಗ್ತಾ ಒಳಕ್ಕೆ ವಾಲಿರ್ತವೆ. ತುಂಡು ತೆಗೆದು ಛಾವಣಿ ಇಳಿಸಿದಾಗ ಮೇಲಿನ ಕಂಬ ಕೆಳಗಿನ ಮೋಟಿಗಿಂತ ಒಳಗೆ ಬೀಳುತ್ತೆ. 32ರಲ್ಲಿ ಕಂಬ ಸಾಕಷ್ಟು ನೆಟ್ಟಗಿರೋದ್ರಿಂದ ವ್ಯತ್ಯಾಸ ಕಡಿಮೆ. ಇದೇ ಕೆಲಸ ವಿಲ್ಲಿಸ್‌ನಲ್ಲಿ ಮಾಡಿದ್ರೆ ಹೆಣಗಾಟ.

ಕಂಬದ ಮೇಲೆ 3 ಮಿ.ಮೀ. ಅಗಲದ ಮಾಸ್ಕಿಂಗ್ ಟೇಪ್ ಸುತ್ತಿ, ಸುತ್ತಲೂ ಒಂದೇ ಎತ್ತರದಲ್ಲಿ. ಗಾಜಿನ ಮೇಲೆ ಬಾಡಿ ಇಟ್ಟು ಪುಸ್ತಕದ ಮೇಲೆ ಬ್ಲೇಡ್ ಮಲಗಿಸಿ ಗೀರಿದ್ರೆ ಎತ್ತರ ತಪ್ಪಲ್ಲ. ಟೇಪಿನ ಅಂಚಿನಿಂದ ಸ್ವಲ್ಪ ಒಳಗೆ ಕೊಯ್ಯಿರಿ, ಗೆರೆಯ ಮೇಲಲ್ಲ. ಉಳಿದದ್ದನ್ನ ಎಮ್ರಿ ಪೇಪರಿನಲ್ಲಿ ಗೆರೆಗೆ ತನ್ನಿ. ಮುಂದಿನ ಕಂಬ ಹೊಂದದಿದ್ರೆ ಅದರ ಬುಡದಲ್ಲಿ ಅರ್ಧ ದಪ್ಪ ಕೊಯ್ದು ಸ್ವಲ್ಪ ಹಿಂದಕ್ಕೆ ಒರಗಿಸಿ, ನೋಟವೂ ಚೆನ್ನ. ಅಗಲ ಕಮ್ಮಿ ಬಿದ್ರೆ ಛಾವಣಿಯನ್ನ ಮುಂದಿನಿಂದ ಹಿಂದಕ್ಕೆ ಉದ್ದಕ್ಕೆ ಸೀಳಿ ಮಧ್ಯೆ ಸ್ಟೈರೀನ್ ಪಟ್ಟಿ ಕೊಡಿ.

ಸಂದು ತುಂಬೋಕೆ ಟ್ಯೂಬಿನ ಲ್ಯಾಕರ್ ಪುಟ್ಟಿ ಬೇಡ, ತಿಂಗಳಾದ ಮೇಲೆ ಕುಗ್ಗಿ ಬಣ್ಣದ ಕೆಳಗೆ ಗೆರೆ ತೋರಿಸುತ್ತೆ. ಫೆವಿಕ್ವಿಕ್ಕಿಗೆ ಮಗುವಿನ ಟಾಲ್ಕಂ ಪೌಡರ್ ಕಲಸಿ ತುಂಬಿ. ಒಂದು ಗಂಟೆಯೊಳಗೆ ಉಜ್ಜಿಬಿಡಿ, ಆಮೇಲೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ ಸುತ್ತಲಿನ ಸ್ಟೈರೀನ್ ಮಾತ್ರ ಸವೆಯುತ್ತೆ. ದೊಡ್ಡ ಜಾಗಕ್ಕೆ ಗಾಡಿಯ ಪಾಲಿಯೆಸ್ಟರ್ ಪುಟ್ಟಿ, ಹಾರ್ಡನರ್ 2%.

ಭಾಗಮಂಡಲ ಡ್ಯೂಸ್

ಗಾಜು? ಕಿಟ್‌ನದು ಈಗ ಕೂರಲ್ಲ.

ಪೊನ್ನಂಪೇಟೆ ಪ್ಲಾಸ್ಟಿಕ್

ಸ್ವೀಟ್ ಬಾಕ್ಸಿನ ಪಾರದರ್ಶಕ ಮುಚ್ಚಳ. ಒಳಗಿಂದ ಫೆವಿಕಾಲ್‌ನಲ್ಲಿ ಅಂಟಿಸಿ. ಫೆವಿಕ್ವಿಕ್ ಹತ್ತಿರ ತಂದ್ರೆ ಅದರ ಆವಿಗೆ ಗಾಜು ಮಬ್ಬಾಗುತ್ತೆ, ಮಳೆಗಾಲದ ತೇವದಲ್ಲಿ ಇನ್ನೂ ಬೇಗ.

ವಿರಾಜಪೇಟೆ ವಿಲ್ಲಿಸ್

ಗಾಜಿನ ಮಾತು ಬಂತಲ್ಲ, ಗ್ಯಾಸರ್‌ಗೂ ಒಂದು. ತೂಕ ಇಳಿಸೋಕೆ ಆ ಗಾಡಿಗಳಲ್ಲಿ ಬಣ್ಣದ ಪ್ಲೆಕ್ಸಿಗ್ಲಾಸ್ ಹಾಕ್ತಿದ್ರು, ನೀಲಿ, ಕಿತ್ತಳೆ. ಟಮಿಯಾ ಎಕ್ಸ್-26 ಕ್ಲಿಯರ್ ಕಿತ್ತಳೆಯನ್ನ ಗಾಜಿನ ಒಳಮೈಗೆ ಏರ್‌ಬ್ರಶ್‌ನಲ್ಲಿ ತೆಳುವಾಗಿ ಹೊಡೆಯಿರಿ. ಕೆಂಪು ಬಾಡಿಗೆ ಕಿತ್ತಳೆಗಿಂತ ನೀಲಿ, ಎಕ್ಸ್-23, ಹೆಚ್ಚು ಒಪ್ಪುತ್ತೆ ಅಂತ ನನಗೆ ಅನ್ನಿಸುತ್ತೆ.

ನಾಪೋಕ್ಲು ಗ್ಯಾಸರ್

ಕ್ಯಾಂಡಿ ಕೆಂಪಿಗೆ ಕೆಳಗೆ ಬೆಳ್ಳಿಯೋ ಚಿನ್ನದ ಬಣ್ಣವೋ? 60ರ ದಶಕದ ಗ್ಯಾಸರ್ ರೇಸರ್ ಬಿಗ್ ಜಾನ್ ಮಜ್ಮೇನಿಯನ್ ಅವರ 1941ರ ವಿಲ್ಲಿಸ್‌ನ ಕೆಂಪಿನ ಹತ್ತಿರಕ್ಕೆ ಬರಬೇಕು.

ಮಡಿಕೇರಿ ಮಳೆಗಾಲ

ಚಿನ್ನದ ಮೇಲೆ ಕೆಂಪು ಬೆಚ್ಚಗೆ ಕಿತ್ತಳೆ ಕಡೆ ವಾಲುತ್ತೆ, ಬೆಳ್ಳಿಯ ಮೇಲೆ ತಂಪಾಗಿ ಚೆರಿ ಕಡೆ. ಎರಡು ಚಮಚ ಹೊಡೆದು ಬಿಸಿಲಲ್ಲಿ ಹಿಡಿದು ನೋಡಿ ತೀರ್ಮಾನಿಸಿ.

ಕ್ಯಾಂಡಿ ಪಾರದರ್ಶಕ, ಪ್ರತಿ ಕೋಟಿಗೂ ಕಡು ಆಗುತ್ತೆ. ಅದಕ್ಕೇ ಹುಡ್, ಬಾಗಿಲು, ಡಿಕ್ಕಿ ಎಲ್ಲಾ ಅದರದರ ಜಾಗದಲ್ಲಿ ತಾತ್ಕಾಲಿಕವಾಗಿ ಕೂರಿಸಿ ಒಟ್ಟಿಗೆ ಹೊಡೆಯಿರಿ. ಬೇರೆ ಬೇರೆ ಹೊಡೆದ್ರೆ ಹುಡ್ ಒಂದು ಕೆಂಪು, ಬಾಡಿ ಇನ್ನೊಂದು. ಐದಾರು ತೆಳು ಕೋಟು, ಪ್ರತಿ ಕೋಟನ್ನೂ ಬಾಡಿಯ ಹೊರಗಡೆ ಶುರು ಮಾಡಿ ಹೊರಗಡೆ ನಿಲ್ಲಿಸಿ. ತಿರುಗೋ ಜಾಗದಲ್ಲಿ ಗನ್ ನಿಂತ್ರೆ ಅಲ್ಲೊಂದು ಕಪ್ಪು ಕಲೆ, ಅದನ್ನ ಸರಿ ಮಾಡೋಕೆ ಆಗಲ್ಲ. ಬೆಳ್ಳಿಯನ್ನ ಯಾವತ್ತೂ ಎಮ್ರಿ ಹಾಕಬೇಡಿ, ಗೀರು ಕ್ಯಾಂಡಿಯ ಅಡಿಯಿಂದ ಕಾಣುತ್ತೆ. ಉಜ್ಜೋದೆಲ್ಲಾ ಪ್ರೈಮರ್‌ನಲ್ಲೇ ಮುಗೀಲಿ, 1000ದವರೆಗೆ.

ಸೋಮವಾರಪೇಟೆ ಹೆಮಿ

ಎಂಜಿನ್ನಿನ ಕಿಟ್ ಕ್ರೋಮ್ ತೆಗೆದುಹಾಕಿ, ಎರಕದ ಗೆರೆ ಅದರ ಕೆಳಗೆ ಅಡಗಿರುತ್ತೆ. ಅದು ತೆಳು ಅಲ್ಯೂಮಿನಿಯಂ ಪದರ. ಬಟ್ಟೆಗೆ ಹಾಕೋ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿಟ್ರೆ ಹೋಗುತ್ತೆ. ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಯಾವ ಕಾರಣಕ್ಕೂ ಸೇರಬಾರದು, ಕ್ಲೋರಿನ್ ಅನಿಲ ಬರುತ್ತೆ. ಗೆರೆ ಉಜ್ಜಿ, ಹೊಳಪಿನ ಕಪ್ಪು ಹೊಡೆದು, ಪೂರ್ತಿ ಒಣಗಿದ ಮೇಲೆ ಆಲ್ಕ್ಲಾಡ್ ಕಂಪನಿಯ ಕ್ರೋಮ್ ಬಣ್ಣ. ಕಪ್ಪು ಅರೆಹಸಿ ಇದ್ರೆ ಕ್ರೋಮ್ ಬೂದು ಆಗುತ್ತೆ.

ಬ್ಲೋವರ್ ಮಾತ್ರ ಕ್ರೋಮ್ ಮಾಡ್ಬೇಡಿ. ರೇಸ್ ಗಾಡಿಯಲ್ಲಿ ಅದು ಹೊಳಪು ಕೊಟ್ಟ ಅಲ್ಯೂಮಿನಿಯಂ.

ಸುಂಟಿಕೊಪ್ಪ ಸ್ಲಿಕ್ಸ್

ಕಿಟ್ ರೇಟ್ ಯಾಕೆ ಹೀಗೆ ಏರಿದೆ ಅಂತ ಯಾರಿಗಾದ್ರೂ ಗೊತ್ತಾ? ಡಾಲರ್ ಲೆಕ್ಕಕ್ಕಿಂತ ತುಂಬಾ ಮೇಲೆ.

ಕುಶಾಲನಗರ ಕಾಯಿಲ್

ಸುಂಕ. ಸ್ಕೇಲ್ ಮಾಡೆಲ್ ಆಟಿಕೆಯ ಜೊತೆ ಕಸ್ಟಮ್ಸ್‌ನ 9503 ಶೀರ್ಷಿಕೆಯಲ್ಲೇ ಬರುತ್ತೆ. ಅದರ ಮೂಲ ಸುಂಕ 2020ರಲ್ಲಿ 20%ನಿಂದ 60%, 2023ರಲ್ಲಿ 70% ಆಯ್ತು. ಅದಕ್ಕೇ ಒಂದು ಕಿಟ್‌ನಿಂದ ಎರಡು ಗಾಡಿಗೆ ಬೇಕಾದ ಭಾಗ ಉಳಿಸಿಕೊಳ್ಳೋದು, ಉಳಿದ ಸ್ಪ್ರೂ (ಭಾಗಗಳು ಅಂಟಿಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟು) ಎಸೆಯದೆ ಇಡೋದು. ಸ್ಪ್ರೂ ಚೂರನ್ನ ತೆಳು ಸಿಮೆಂಟಿನಲ್ಲಿ ಕರಗಿಸಿಟ್ರೆ ಅದೇ ಬಣ್ಣದ ಪುಟ್ಟಿ ಸಿಗುತ್ತೆ.

ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಚಿತ್ರ) ಹಾಳೆಗಳನ್ನ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಇಲ್ಲದಿದ್ರೆ ಜುಲೈನಲ್ಲೇ ಬೂಷ್ಟು. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅಡುಗೆ ಓವನ್‌ನಲ್ಲಿ ಕಾಯಿಸೋದು ಬೇಡ.

ನಾಪೋಕ್ಲು ಗ್ಯಾಸರ್

ಕೊನೇದೊಂದು. ಹೆಡರ್ (ಎಂಜಿನ್ನಿನ ಹೊಗೆ ಕೊಳವೆಗಳು) ಫೆಂಡರ್ ಒಳಗಿಂದ ಹೊರಗೆ ಬರೋ ಥರ ಮಾಡ್ಬೇಕು. ಕಿಟ್‌ನದು ಚಾಸಿ ಕೆಳಗೆ ಹೋಗುತ್ತೆ.

ಸೋಮವಾರಪೇಟೆ ಹೆಮಿ

2 ಮಿ.ಮೀ. ಸೀಸದ ಬೆಸುಗೆ ತಂತಿ, ಕಡೆಗೆ ನಾಲ್ಕು ಕೊಳವೆ. ನಿಜ ಪೈಪ್ ಸುಮಾರು 2 ಇಂಚು, ಅಳತೆ ಕೂಡುತ್ತೆ. ಬೆರಳಲ್ಲೇ ಬಗ್ಗಿಸಿ, ಇಕ್ಕಳ ಹಚ್ಚಿದ್ರೆ ಹಲ್ಲಿನ ಗುರುತು ಬೀಳುತ್ತೆ. ತುದಿಯನ್ನ 1.5 ಮಿ.ಮೀ. ಬಿಟ್‌ನಲ್ಲಿ 3 ಮಿ.ಮೀ. ಆಳಕ್ಕೆ ಕೊರೀರಿ, ಆಗ ಟೊಳ್ಳು ಪೈಪಿನ ಹಾಗೆ ಕಾಣುತ್ತೆ. ಸೀಸ ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಿ.

ಬಗ್ಗಿಸೋ ಮೊದಲು ಮುಂದಿನ ಚಕ್ರ ಹಾಕಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಟೈರಿಗೂ ಪೈಪಿಗೂ 2 ಮಿ.ಮೀ. ಅಂತರ ಬೇಕು. ಬಾಡಿ ಇಳಿಸಿದ ಮೇಲೇ ಹೆಡರ್ ಅಂಟಿಸಿ, ಮೊದಲೇ ಅಂಟಿಸಿದ್ರೆ ಫೆಂಡರ್ ಅಂಚು ತಾಗಿ ಬಾಡಿ ಕೆಳಗೆ ಬರಲ್ಲ.